ಹುಳ ಹಣ್ಣಾದ ದಿನದ ಪರೀಕ್ಷೆ

ಇವತ್ತು ಕನಕಪುರದ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬುಡಕ್ಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ ತುರುಕಿದರು. ಆ ಹಸಿ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ನಾನು ಸೋತು ಬರುತ್ತಿದ್ದೆ ನೋಡಿ. ರಾಮನಗರದ ಕಾಲೇಜಿಗೆ ಇನ್ನೊಂದು ಎಂ.ಎ. ಸೇರಲೆಂದು ಹೋಗಿದ್ದೆ, ತಲೆಯಲ್ಲಿ ಕರಿಕೂದಲು ಹುಡುಕಬೇಕಾದ ವಯಸ್ಸಿನಲ್ಲಿ. ಕೌಂಟರಿನಲ್ಲಿದ್ದ ಹೆಣ್ಣುಮಗಳು, "ಮಗಳಿಗಾ ಸಾರ್?" ಎಂದಳು. "ಹ್ಞೂಂ, ವಿಚಾರಿಸೋಣ ಅಂತ" ಎಂದು ಬಂದುಬಿಟ್ಟೆ. ನನಗೆ ಮಗಳೇ ಇಲ್ಲ.

ಸೊಪ್ಪಿನ ವಾಸನೆ ಚಿಕ್ಕಮ್ಮನನ್ನು ಕರೆತಂದಿತು. ಮಗಳ ಮದುವೆ ಮುಗಿಸಿದ ಮೇಲೆ ಬಿ.ಎ. ಕಟ್ಟಿದವಳು. ಆಗ ನಾನು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೆ. ರಜೆಗೆ ಅವಳ ಮನೆಗೆ ಹೋದಾಗಲೆಲ್ಲ, ವಯಸ್ಸಾದ ಮಿದುಳು ಹೊಸದನ್ನು ಹಿಡಿಯದು ಎಂದು ಭಾಷಣ ಬಿಗಿಯುತ್ತಿದ್ದೆ. "ಹಂಗಾರೆ ಬುಡು, ನಿಧಾನಕ್ಕೆ ಹಿಡೀಲಿ" ಎನ್ನುತ್ತ ಅವಳು ಮುದ್ದೆ ಬಡಿಸುತ್ತಿದ್ದಳು.

ಅವಳ ಪರೀಕ್ಷೆಯ ಕೊನೆಯ ಪತ್ರಿಕೆಯ ದಿನ ನಾನೂ ಅಲ್ಲೇ ಇದ್ದೆ; ಬೆಳಿಗ್ಗೆಯೇ ಮನೆಯಲ್ಲಿ ಸಾಕಿದ್ದ ರೇಷ್ಮೆಹುಳ ಹಣ್ಣಾದವು. ಹಣ್ಣಾದ ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ ಗೂಡಿಗೆ ಜಾಗ ಹುಡುಕುತ್ತದೆ. ಅವತ್ತೇ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡದಿದ್ದರೆ ಬೆಳೆ ಹೋದಂತೆ.

ಅವಳ ಅತ್ತೆ ಬಾಗಿಲಿಗೇ ಅಡ್ಡ ಕೂತರು. "ಮನೆ ತುಂಬ ಹುಳ ಹಣ್ಣಾಗ್ ಕೂತವೆ, ನೀನು ಬಸ್ ಹತ್ತೀಯೇನಮ್ಮಿ? ಹುಳ ಕಾಯ್ತವಾ ನಿನ್ ಪರೀಕ್ಷೆಗೆ?"

"ಪರೀಕ್ಷೆ ಕಾಯ್ತದಾ ಅತ್ತೆ ಹುಳಕ್ಕೆ? ಊರೋರ್ ಮನೆ ಹುಳ ಎಲ್ಲಾ ನಾನು ಆಯ್ದಿವ್ನಿ. ಇವತ್ತು ಅವ್ರು ಮುಯ್ಯಿಗೆ ಬತ್ತಾರೆ."

"ಮನೆಯೋಳೇ ಇಲ್ದಿದ್ ಮನೆಗೆ ಯಾರ್ ಬತ್ತಾರೆ?"

"ಬರ್ದಿದ್ರೆ ಇವ್ನ್ ಇದ್ದಾನಲ್ಲ, ಯೂನಿವರ್ಸಿಟೀಲಿ ಓದ್ತಿರೋನು. ಬಗ್ಗಿ ಆಯ್ಲಿ!"

ಸೆರಗು ಬಿಗಿದು, ಅತ್ತೆಯನ್ನು ಬಳಸಿಕೊಂಡು ಹೊರಟೇಬಿಟ್ಟಳು. ಹಸಿರು ಸೀರೆ ಎಂದು ನನ್ನ ನೆನಪು. ನೆನಪನ್ನು ನಂಬಬಾರದೆಂದೂ ಓದಿದವನು ನಾನು, ಪಂದ್ಯ ಕಟ್ಟಲಾರೆ. ನನ್ನ ಮೇಲಿನ ಆ ಗೇಲಿ ಅವಳದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಅದೂ ಗೊತ್ತಿಲ್ಲ.

ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ಅತ್ತೆಯ ಮುಖದಲ್ಲಿ ಗೆಲುವು ಮೂಡುತ್ತಿದ್ದಾಗ ಪಕ್ಕದ ಮನೆಯ ಜಯಮ್ಮ ಬಂದು ನಿಂತಳು. "ಒಸಿ ಸರ್ಕೊಳಿ ದೊಡ್ಡಮ್ಮ, ಬಾಗ್ಲಲ್ಲಿ ಕೂತ್ರೆ ಹುಳ ಆಯೋದೆಂಗೆ?" ಅತ್ತೆ ಎದ್ದರು. ಆಮೇಲೆ ಇಡೀ ಬೀದಿಯೇ ಬಂತು. ನಾನೂ ಬಗ್ಗಿದೆ. ಸೊಂಟ ಹಿಡಿದದ್ದರಲ್ಲಿ ಮಾತ್ರ ಅನುಮಾನವಿಲ್ಲ.

ಚಿಕ್ಕಮ್ಮ ಆ ಪತ್ರಿಕೆಯಲ್ಲಿ ಫೇಲಾದಳು. "ಈಗೇನ್ ಮಾಡೀಯೆ?" ಎಂದರು ಅತ್ತೆ.

"ಒಂದ್ ಬೆಳೆ ಹೋದ್ರೆ ಹುಳ ಸಾಕೋದ್ ಬುಡ್ತೀವಾ ಅತ್ತೆ?"

ಮತ್ತೆ ಕಟ್ಟಿದಳು, ಪಾಸಾದಳು. ಅದರಿಂದ ಏನು ಬಂತು ಎನ್ನುವವರಿಗೂ ಅವಳು ಮುದ್ದೆ ಬಡಿಸಿದಳು.

ಮುಂದಿನ ಸ್ಟಾಪಿನಲ್ಲಿ ಹೊರೆ ದಾಟಿ ಇಳಿದೆ. ಎದುರಿನ ಬಸ್ಸು ಹಿಡಿದು ಮತ್ತೆ ಅದೇ ಕೌಂಟರಿನ ಮುಂದೆ ನಿಂತೆ.

"ಮಗಳು ಬರ್ಲಿಲ್ವಾ ಸಾರ್?"

"ಮಗಳಿಲ್ಲ ಕಣಮ್ಮ. ನಾನೇ ಬಂದಿವ್ನಿ."