ಬೂದಿಪಟ್ಟಿ

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಒಂದು ಊರಿನ ಹೆಸರು ತೆಗೆಯುವಂತಿರಲಿಲ್ಲ. ಹಗಲು ಬೇಕಾದರೆ ತೆಗೆಯಬಹುದಿತ್ತು, ಅದೂ ಆಯಿಯ ಕಿವಿಗೆ ಬೀಳದಂತೆ. ಇಲ್ಲಿಯೂ ನಾನು ಆ ಹೆಸರು ಬರೆಯುವುದಿಲ್ಲ. ಇದನ್ನು ನೀವು ಯಾವ ಹೊತ್ತಿನಲ್ಲಿ ಓದುತ್ತೀರೋ ನನಗೇನು ಗೊತ್ತು.

ಕೊರ್ಲಹಳ್ಳಿಯ ಆಚೆ, ಹೊಳೆಯ ದಂಡೆಗೆ ಹತ್ತಿಕೊಂಡು ಇದ್ದ ಊರು ಅದು. ಈಗ ಸರ್ಕಾರದ ಲೆಕ್ಕದಲ್ಲಿ ಬೇಚಿರಾಖ್ ಗ್ರಾಮ. ಹೆಸರಿದೆ, ಹೊಲಗಳ ಸರ್ವೇ ನಂಬರುಗಳಿವೆ, ದೀಪ ಹಚ್ಚುವ ಮನೆ ಒಂದೂ ಇಲ್ಲ. ಆಯಿ, ಅಂದರೆ ನಮ್ಮಪ್ಪನ ತಾಯಿ, ಹುಟ್ಟಿದ್ದು ಅಲ್ಲಿ.

ಆಕೆ ಇನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ ಆ ಊರಿಗೆ ವಾಂತಿಭೇದಿ ಬಂತು. ಮನೆಯಲ್ಲಿ ತೊಟ್ಟಿಲ ಕೂಸೊಂದಿತ್ತು, ಆಯಿಯ ತಂಗಿ. ಹೆಸರಿಡುವುದಕ್ಕೂ ಮೊದಲೇ ಹೋಗಿಬಿಟ್ಟಿತು. ಎಳೆಗೂಸನ್ನು ಊರ ಹೊರಗೆ ಒಯ್ಯದೆ ಹಿತ್ತಲಲ್ಲೇ ಮಣ್ಣು ಮಾಡುವುದು ಆ ಮನೆತನದ ರೂಢಿ. ಮೂರನೆಯ ದಿನ ಅಲ್ಲಿ ಹಾಲು-ತುಪ್ಪ ಬಿಡಬೇಕು. ಆ ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಹಿರಿಯರು ಊರು ಖಾಲಿ ಮಾಡಿಸಿದರು. ಒಲೆಗಳಿಗೆ ನೀರು ಸುರಿದು, ಚಕ್ಕಡಿ ಹೂಡಿಕೊಂಡು ಎಲ್ಲರೂ ಹೊರಟರು. ಚಕ್ಕಡಿಯಲ್ಲಿ ಕುಳಿತ ಹುಡುಗಿ ಅಪ್ಪನನ್ನು ಕೇಳಿದಳಂತೆ, "ಅಪ್ಪಾ, ಕೂಸಿಗೆ ಹಾಲು?"

"ಅದರ ವಿಚಾರ ನನಗ ಬಿಡು," ಅಂದನಂತೆ ಆತ. ಅಷ್ಟೇ. ಮುಂದೆ ಎಂದೂ ಆ ಮಾತು ಎತ್ತಲಿಲ್ಲ, ಆಕೆಯೂ ಕೇಳಲಿಲ್ಲ. ಅಪ್ಪನ ಎದುರು ನಿಂತು ಎರಡನೆಯ ಸಲ ಕೇಳುವ ಕಾಲ ಅದಲ್ಲ.

ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಮುಂಡರಗಿಯ ನಮ್ಮ ಮನೆಯ ಕಟ್ಟೆಯ ಮೇಲೆ, ಸಂಜೆ ಹೊತ್ತು, ಆಯಿ ಹೊಳೆಯ ದಿಕ್ಕಿಗೆ ಮುಖ ಮಾಡಿ ಕುಳಿತು ಅಕ್ಕಡಿ ಕಾಳು ಹಸನು ಮಾಡುತ್ತಿರುವಳು. ಇದ್ದಕ್ಕಿದ್ದಂತೆ ಮೊರದ ಮೇಲಿನ ಕೈ ನಿಲ್ಲುವುದು.

"ಅಳಾಕತ್ತೈತಿ ನೋಡು."

ನಮಗೆ ಕೇಳುತ್ತಿದ್ದುದು ಬಸ್ಸಿನ ಹಾರ್ನು, ಯಾರದೋ ಮನೆಯ ಕರುವಿನ ಕೂಗು. ಆದರೆ ಆಕೆ ಹಾಗಂದ ಮೇಲೆ ಕರುವಿನ ಕೂಗು ಬರೀ ಕರುವಿನ ಕೂಗಾಗಿ ಉಳಿಯುತ್ತಿರಲಿಲ್ಲ. ನಾವು ಮಕ್ಕಳು ಎದ್ದು ಒಳಗೆ ಓಡುತ್ತಿದ್ದೆವು.

ಮುಂದೆ ನಾನು ಗದಗಿಗೆ ಬಂದು ದೂರಸಂವೇದಿ ಮತ್ತು ಭೌಗೋಳಿಕ ಮಾಹಿತಿ ವ್ಯವಸ್ಥೆಯ ಸ್ನಾತಕೋತ್ತರ ತರಗತಿಗೆ ಸೇರಿದೆ. ಬೆಟಗೇರಿಯಲ್ಲಿ ಒಂದು ಬಾಡಿಗೆ ಖೋಲಿ, ಗೋಡೆಯಾಚೆ ಮಗ್ಗದ ಸಪ್ಪಳ. ಮೊದಲ ರಜೆಗೆ ಊರಿಗೆ ಹೋದಾಗ, ನೀ ಏನು ಕಲಿಯುತ್ತೀ ಅಂತ ಕಾಕಾ ಕೇಳಿದ. ಉಪಗ್ರಹಗಳು ಮೇಲಿಂದ ಭೂಮಿಯ ಚಿತ್ರ ತೆಗೆಯುತ್ತವೆ, ಆ ಚಿತ್ರದಲ್ಲಿ ಎಲ್ಲಿ ಹೊಲ, ಎಲ್ಲಿ ನೀರು, ಎಲ್ಲಿ ಊರು ಅಂತ ನಾವು ಗುರುತು ಹಿಡಿಯುತ್ತೇವೆ ಅಂದೆ.

"ಹಂಗಂದ್ರ ಹೊಲದ ಲೆಕ್ಕಾ ಬರಿಯೂ ತಲಾಠಿ ಕೆಲಸನ ಬಿಡು," ಅಂದ ಕಾಕಾ. "ಆದ್ರ ಮುಗಲ ಮ್ಯಾಲ ಕುಂತು ಮಾಡೂದು. ಇಲ್ಲೆ ಕೆಳಗ ಕುಂತಾವಗ ಹೊಲದ ಬಾಂದು ಕಾಣವಲ್ದು, ಮ್ಯಾಲ ಕುಂತಾವಗ ಕಾಣತೈತೇನ?"

ಎಲ್ಲರೂ ನಕ್ಕರು. ಆಯಿ ನಗಲಿಲ್ಲ. ಆಮೇಲೆ ನಾನು ಒಬ್ಬಳೇ ಇದ್ದಾಗ ಹತ್ತಿರ ಬಂದು ಕುಳಿತಳು.

"ತಂಗಿ, ಹಿತ್ತಲಾ ಕಾಣತೈತೇನ ಅದರಾಗ?"

"ಯಾರ ಹಿತ್ತಲಾ, ಆಯಿ?"

"ನಮ್ದು. ಹೊಳಿ ದಂಡಿದು. ನಾ ಹೋಗೂದ್ರಾಗ ಒಂದು ತಂಬಿಗಿ ಹಾಲು ಹಾಕಿ ಬರಬೇಕು. ಎಲ್ಲೆ ಅಂತ ಹಾಕಲಿ? ಗ್ವಾಡಿ ಒಂದೂ ಉಳದಿಲ್ಲಂತ. ನೀ ಜಾಗಾ ತೋರಿಸಿದ್ರ ಸಾಕು."

ತೋರಿಸುತ್ತೇನೆ ಅಂದೆ. ಎಂಬತ್ತು ದಾಟಿದ ಮುದುಕಿ ನನ್ನ ವಿದ್ಯೆಯನ್ನು ನಂಬಿ ಕೇಳಿದ್ದು ಅದೊಂದೇ.

ಪ್ರಬಂಧಕ್ಕೆ ವಿಷಯ ಆರಿಸುವಾಗ ಗೆಳತಿಯರು ಲಕ್ಷ್ಮೇಶ್ವರ, ಶಿರಹಟ್ಟಿ ಅಂತ ತಾಲೂಕು ಹಂಚಿಕೊಂಡರು. ನಾನು ಮುಂಡರಗಿ ಕೇಳಿ ಪಡೆದೆ. ನಮ್ಮ ಕೆಲಸದ ರೀತಿ ಹೀಗೆ: ಮೊದಲು ನಾವು ಕಂಪ್ಯೂಟರಿಗೆ ಮಾದರಿ ತೋರಿಸಬೇಕು. ಇದು ನೋಡಪ್ಪಾ ಊರು, ಇದು ಕರಿಮಣ್ಣಿನ ಎರಿಹೊಲ, ಇದು ನೀರು. ಪ್ರತಿಯೊಂದೂ ಬೆಳಕನ್ನು ತನ್ನದೇ ರೀತಿಯಲ್ಲಿ ಹಿಂದಕ್ಕೆ ಕಳಿಸುತ್ತದೆ. ಆ ರೀತಿಯನ್ನು ಕಲಿತುಕೊಂಡು ಅದು ಉಳಿದ ಇಡೀ ತಾಲೂಕನ್ನು ತಾನೇ ಬಣ್ಣ ಹಾಕಿ ಬೇರ್ಪಡಿಸುತ್ತದೆ. ಊರಿನ ಮಾದರಿಗೆ ನಾನು ಹರ್ತಿಗೂ ಯಳವತ್ತಿಗೂ ಹೋಗಿ ಬಂದೆ. ಹಳೆಯ ಮಾಳಿಗೆ ಮನೆಗಳು, ಅವುಗಳ ಚಪ್ಪಟೆ ಸೂರಿನ ಮೇಲೆ ಹರವಿದ ಬೂದುಬಣ್ಣದ ಮಣ್ಣು. ಬಿಸಿಲಿನಲ್ಲಿ ನಿಂತು ಜಾಗದ ಗುರುತು ಹಾಕಿಕೊಂಡೆ. ಒಬ್ಬ ಅಜ್ಜಿ ಕರೆದು ಮಜ್ಜಿಗೆ ಕೊಟ್ಟು, "ಮನಿ ಅಳ್ಯಾಕ ಬಂದೀ? ಕರಪಟ್ಟಿ ಹೆಚ್ಚಿಗಿ ಮಾಡಬ್ಯಾಡವಾ ಮತ್ತ," ಅಂದಳು.

ಪ್ರಯೋಗಾಲಯದಲ್ಲಿ ಒಂದು ಮಟಮಟ ಮಧ್ಯಾಹ್ನ ಆ ಚಿತ್ರ ತಯಾರಾಯಿತು. ಉಳಿದವರು ಊಟಕ್ಕೆ ಹೋಗಿದ್ದರು. ಊರುಗಳಿಗೆಲ್ಲ ಕೆಂಪು ಬಣ್ಣ ಕೊಟ್ಟಿದ್ದೆ. ಮುಂಡರಗಿ ಕೆಂಪಾಗಿ ಮೂಡಿತು, ಕೊರ್ಲಹಳ್ಳಿ ಮೂಡಿತು. ಕೊರ್ಲಹಳ್ಳಿಯ ಆಚೆ, ಹೊಳೆಯ ದಂಡೆಗೆ, ಏನೂ ಇರಬಾರದ ಕಡೆ ಇನ್ನೊಂದು ಊರು ಮೂಡಿತು.

ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಫ್ಯಾನಿನ ಸಪ್ಪಳ ಒಂದೇ. ಯಾರೋ ಅಲ್ಲಿ ಮತ್ತೆ ಮನೆ ಕಟ್ಟಿಕೊಂಡು ಒಲೆ ಹಚ್ಚಿದ್ದಾರೆ ಅನ್ನುವ ಹಾಗೆ ಆ ಕೆಂಪು ತಣ್ಣಗೆ ಕುಳಿತಿತ್ತು. ಹಗಲು ಹೊತ್ತು, ದೀಪ ಹಚ್ಚುವ ಸಮಯವಲ್ಲ, ಆದರೂ ಊರಿನ ಹೆಸರು ನನ್ನ ಬಾಯಿಂದ ಹೊರಡಲಿಲ್ಲ.

ನನ್ನ ಪ್ರಬಂಧ ನೋಡಿಕೊಳ್ಳುವ ಸರ್ ಬಂದು ನೋಡಿದರು. "ಊರು ಬಿಟ್ಟ ಜಾಗ ಇರಬೇಕು. ಜನ ನೂರಾರು ವರ್ಷ ಇದ್ದು ಹೋದ ಕಡೆ ಬೂದಿ, ಸೆಗಣಿ, ಗ್ವಾಡಿ ಮಣ್ಣು ಕೂಡಿ ಮಣ್ಣಿನ ಬಣ್ಣನ ಬದಲಾಗಿರತೈತಿ. ಮಾಳಿಗಿ ಮಣ್ಣೂ ಹಂಗ ಇರತೈತಿ. ಕಂಪ್ಯೂಟರಿಗೆ ಮನುಷ್ಯಾರು ಕಾಣೂದಿಲ್ಲ, ಮಣ್ಣಷ್ಟ ಕಾಣತೈತಿ. ಇದೇನು ಮತ್ತ, ಇಲ್ಲೆ?" ಎಂದು ಬೆರಳಿಟ್ಟರು.

ಶಿರಹಟ್ಟಿ ಹಾದಿಯ ಕಡೆಗೆ, ಕರಿ ಹೊಲಗಳ ನಡುವೆ, ಉದ್ದನೆಯ ಒಂದು ಸಣ್ಣ ಕೆಂಪು ಗೆರೆ.

ಆ ಜಾಗ ನನಗೆ ಗೊತ್ತಿತ್ತು. ಅದು ನಮ್ಮದೇ ಹೊಲ, ಆಯಿಗೆ ತವರಿನಿಂದ ಬಂದದ್ದು. ಅದರಲ್ಲಿ ಬೂದಿಪಟ್ಟಿ ಅಂತ ನಾವು ಕರೆಯುವ ಒಂದು ತುಂಡಿದೆ. ಇಡೀ ಹೊಲ ಕರಿ ಎರಿ, ಅದೊಂದು ಪಟ್ಟಿ ಬೂದಿ ಚೆಲ್ಲಿದ ಹಾಗೆ. ಬಿಳಿಜೋಳ ಅಲ್ಲಿ ಆಳೆತ್ತರ ಬೆಳೆಯುತ್ತದೆ. ಮನೆಯ ರೊಟ್ಟಿಗೆ ಆ ಜೋಳವೇ ಬೇಕು ಎಂದು ಆಯಿ ಬೇರೆ ಚೀಲದಲ್ಲಿ ಕಟ್ಟಿಸುತ್ತಿದ್ದಳು. ಅಲ್ಲಿ ಎಂದೂ ಒಂದು ಗುಡಿಸಲೂ ಇರಲಿಲ್ಲ.

"ಅದು ತಪ್ಪು ಸರ್," ಅಂದೆ. "ಅಲ್ಲಿ ಊರಿಲ್ಲ. ತಿದ್ದುತೀನಿ."

ಅಮಾವಾಸ್ಯೆ ಕಳೆದ ಒಂದು ಸೋಮವಾರ, ಕಾಕಾ ಪರಿಚಯದವರ ಟಂಟಂ ಗಾಡಿ ತಂದ. ಆಯಿ ನಸುಕಿನಲ್ಲೇ ಎದ್ದು, ಮಿಂದು, ಹಿತ್ತಾಳೆ ತಂಬಿಗೆಯಲ್ಲಿ ಹಾಲು ತುಂಬಿ ಬಾಯಿಗೆ ಬಿಳಿ ಅರಿವೆ ಕಟ್ಟಿದ್ದಳು. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು, ಕೂಸನ್ನು ಹಿಡಿದ ಹಾಗೆ. ಟಂಟಂ ಕುಣಿದಾಗ ಕಾಕಾ, "ಯವ್ವಾ, ತುಳುಕೀತು, ಮಜ್ಜಿಗಿ ಆಗೂದು ಅದು ಮುಟ್ಟೂದ್ರಾಗ," ಅಂದ.

"ನಿನ್ನ ಬಾಯಿ ಮುಚ್ಚಲೇ. ಹಾದಿ ನೋಡ್ಕೊಂತ ಹೊಡಿ."

ಮೊಬೈಲಿನಲ್ಲಿ ಗುರುತು ನೋಡುತ್ತಾ ಅವರನ್ನು ಜಾಲಿ ಕಂಟಿಗಳ ನಡುವೆ ನಡೆಸಿಕೊಂಡು ಹೋದೆ. ಚಿತ್ರದಲ್ಲಿ ಕೆಂಪಾಗಿದ್ದ ಜಾಗ ಬಂತು. ದಿಬ್ಬ ಇರುತ್ತದೆ ಅಂದುಕೊಂಡಿದ್ದೆ. ನಮ್ಮೆದುರು ಇದ್ದದ್ದು ದೊಡ್ಡ ತಗ್ಗು. ಅಂಚಿಗೂ ತಳಕ್ಕೂ ಅಲ್ಲಿಷ್ಟು ಇಲ್ಲಿಷ್ಟು ಬೂದುಮಣ್ಣು ಉಳಿದಿತ್ತು, ನಡುವೆ ಒಡೆದ ಮಡಕೆಯ ಬೋಕಿ. ಮುರಿದ ಬಳೆಚೂರೊಂದು ಹಸಿರಾಗಿ ಹೊಳೆಯಿತು.

ಆಯಿ ಅಂಚಿನಲ್ಲಿ ನಿಂತಳು. "ಊರೆಲ್ಲೆ ಹೋತು?"

ಹೊಳೆಯ ಕಡೆಯಿಂದ ಗಾಳಿ ಬೀಸಿ ಜಾಲಿಯ ಒಣ ಕಾಯಿಗಳು ಕೂಸಿನ ಗಿಲಕಿಯಂತೆ ಸಪ್ಪಳ ಮಾಡಿದವು. ಆಯಿಯ ಮುಖ ನೋಡಿದೆ. ಆಕೆ ಕಿವಿಗೊಟ್ಟು ನಿಂತಿದ್ದಳು. ಆದರೆ ದಿನವೂ ಮನೆಯಲ್ಲಿ ಕೂತು ಕೇಳುತ್ತಿದ್ದದ್ದು ಅಲ್ಲಿ, ಆ ತಗ್ಗಿನ ದಂಡೆಯಲ್ಲಿ, ಆಕೆಗೆ ಕೇಳಲಿಲ್ಲ.

"ಇಲ್ಲಿಲ್ಲ ಆಕಿ," ಅಂದಳು.

ಕಾಕಾ ತಗ್ಗಿಗಿಳಿದು ಒಂದು ಹಿಡಿ ಮಣ್ಣು ತಂದ. "ಯವ್ವಾ, ಹಾಳಮಣ್ಣು ಹೇರಿ ಹೇರಿ ಮುಗಿಸ್ಯಾರ ಇದನ್ನ. ಹಾಳೂರ ಮಣ್ಣಂದ್ರ ಹೊಲಕ್ಕ ಗೊಬ್ಬರಕ್ಕಿಂತ ಚಲೋ ಅಂತಿದ್ರಲ್ಲ ಹಿರ್ಯಾರು. ಊರು ಬಿಟ್ಟ ಮರುವರ್ಷ ಬ್ಯಾಸಗಿಯಾಗ ಎಲ್ಲಾರೂ ಚಕ್ಕಡಿ ತಂದು ಒಯ್ದಾರ. ಅವರವರ ಮನಿ ಮಣ್ಣು ಅವರವರ ಹೊಲಕ್ಕ. ಇನ್ನೊಬ್ಬರ ಮನಿ ಮಣ್ಣು ಮುಟ್ಟಂಗಿಲ್ಲ ಅಂತ ಮಾತಾಗಿತ್ತಂತ."

"ನಮ್ಮನಿದು?"

"ನಮ್ಮನಿದೂ ನಿಮ್ಮಪ್ಪ ಹೇರ್ಯಾನಲ್ಲ. ಊರ ಮಂದಿ ನಕ್ಕಾರಂತ. ನಿನ್ನ ಮುಂದ ಈ ಊರಿನ ಮಾತು ತೆಗ್ಯಂಗಿರಲಿಲ್ಲ, ಅದಕ್ಕ ಯಾರೂ ನಿನಗ ಹೇಳಿಲ್ಲ. ಎಲ್ಲಾರ ಹೊಲ ಇಲ್ಲೆ ಮಗ್ಗಲದಾಗ ಇದ್ವು, ನಿಮ್ಮಪ್ಪ ಮಾತ್ರ ಇಲ್ಲಿ ಹೊಲ ಮಾರಿ ಅಲ್ಲೆ ದೂರ ಹೊಲ ತಗೊಂಡಿದ್ದ. ತಿಪ್ಪಿ ಗೊಬ್ಬರ ಮನಿ ಮುಂದ ಬಿದ್ದಿರಬೇಕಾದ್ರ, ಈ ಹುಚ್ಚ ಎತ್ತು ಸೋಲಿಸಿ ಇಲ್ಲಿಂದ ಮಣ್ಣು ಒಯ್ಯತಾನಲ್ಲ ಅಂತ..."

ಹೇಳುತ್ತಾ ಹೇಳುತ್ತಾ ಕಾಕಾ ಕೈಯಲ್ಲಿದ್ದ ಮಣ್ಣನ್ನು ನೋಡಿಕೊಂಡ. ಅದನ್ನು ಕೊಡವಿಬಿಡಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ನಿಂತ.

ನಾನು ಮೊಬೈಲ್ ತೆರೆದು ಆ ಉದ್ದನೆಯ ಕೆಂಪು ಗೆರೆಯನ್ನು ಆಯಿಗೆ ತೋರಿಸಿದೆ. ಇನ್ನೂ ತಿದ್ದಿರಲಿಲ್ಲ. "ಇದು ನಮ್ಮ ಬೂದಿಪಟ್ಟಿ, ಆಯಿ. ಕಂಪ್ಯೂಟರು ಇದಕ್ಕೂ ಊರು ಅನ್ನಾಕತ್ತೈತಿ."

ಆಯಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಆ ಕೆಂಪಿನ ಮೇಲೆ ಬೆರಳಾಡಿಸಿದಳು. ಚಿತ್ರ ಸರಿದು ಹೋಯಿತು, ನಾನು ಮತ್ತೆ ತಂದು ಕೊಟ್ಟೆ. ಆಮೇಲೆ ಕಾಕಾನ ಕಡೆ ತಿರುಗಿ ಕೇಳಿದಳು.

"ಹಿತ್ತಲ ಮಣ್ಣೂ ಒಯ್ದಿರತಾನಲ್ಲಾ?"

"ಮನಿ ಮಣ್ಣು ಅಂದ್ರ ಹಿತ್ತಲಾನೂ ಬಂತಲ್ಲ ಯವ್ವಾ," ಅಂದ ಕಾಕಾ, ತಗ್ಗಿದ ದನಿಯಲ್ಲಿ.

ಆಕೆ ಹಾಲಿನ ತಂಬಿಗೆಯನ್ನು ಎದೆಗೆ ಅವಚಿಕೊಂಡು ಟಂಟಂ ಕಡೆ ತಿರುಗಿದಳು. "ನಡ್ರಿ. ಹಾಲು ಕೆಟ್ಟೀತು."

ಮತ್ತೆ ಮುಂಡರಗಿ ದಾಟಿ ಹೊಲ ಮುಟ್ಟುವ ಹೊತ್ತಿಗೆ ಹೊತ್ತು ಇಳಿಯುತ್ತಿತ್ತು. ಜೋಳ ಕಾಳುಗಟ್ಟಿತ್ತು. ದೂರದಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಆಯಿ ಹೊಲದ ಅಂಚಿನ ಬಾಂದಿನ ಮೇಲೆ ಚಪ್ಪಲಿ ಬಿಟ್ಟು ಬೂದಿಪಟ್ಟಿಗೆ ಇಳಿದಳು. ಎಷ್ಟೋ ವರ್ಷ ಕಳೆ ತೆಗೆದ, ಎಳೆತೆನೆ ಸುಟ್ಟು ಸೀತನಿ ತಿಂದ, ಬುತ್ತಿ ಬಿಚ್ಚಿದ ಜಾಗ. ಈಗ ಒಂದೊಂದು ಹೆಜ್ಜೆಯನ್ನೂ ಮಲಗಿದವರ ನಡುವೆ ಇಟ್ಟ ಹಾಗೆ ಇಟ್ಟಳು. ಎಲ್ಲಿ ಹಾಕಬೇಕು ಎಂದು ನನ್ನನ್ನು ಕೇಳಲಿಲ್ಲ. ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ, ಜೋಳದ ಸಾಲಿನ ಬುಡಕ್ಕೆ, ಹನಿಹನಿಯಾಗಿ ಬಿಟ್ಟುಕೊಂಡು ಹೋದಳು. ಬೂದುಮಣ್ಣು ಹಾಲನ್ನು ಬಿದ್ದಲ್ಲೇ ಹೀರಿಕೊಂಡಿತು. ಒಂದು ಕಲೆಯೂ ಉಳಿಯಲಿಲ್ಲ.

"ಹಸದಿತ್ತು," ಅಂದಳು.

ತಿರುಗಿ ಬರುವಾಗ ಬಾಂದಿನ ಮೇಲೆ ಕುಳಿತು ದಣಿವಾರಿಸಿಕೊಂಡಳು. "ನಮ್ಮಪ್ಪ ಬೇಕಂತ ತಂದಾನ. ಅದರ ವಿಚಾರ ನನಗ ಬಿಡು ಅಂದಿದ್ದ." ಜೋಳದ ಕಡೆ ನೋಡಿ, "ಹೇಳಿದ್ರ ನಾ ಈ ಜೋಳ ತಿನ್ನೂದಿಲ್ಲ ಅಂತ ಹೇಳಿಲ್ಲ ನೋಡು," ಅಂದಳು.

ಕಾಕಾ ಖಾಲಿ ತಂಬಿಗೆಯನ್ನು ಆಕೆಯ ಕೈಯಿಂದ ತೆಗೆದುಕೊಂಡ.

ಆ ವರ್ಷ ಬೂದಿಪಟ್ಟಿಯ ತೆನೆಗಳನ್ನು ಕೊಯ್ಯಲಿಲ್ಲ, ಹಕ್ಕಿಗಳಿಗೆ ಬಿಟ್ಟೆವು. ಮನೆಯಲ್ಲಿ ಹಿಂದಿನ ಸುಗ್ಗಿಯ ಜೋಳ ಅರ್ಧ ಚೀಲ ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ನಮ್ಮವ್ವ ಕೇಳಿದರೆ, ಆಯಿ ತಾನೇ ಬೀಸುಕಲ್ಲಿನ ಮುಂದೆ ಕುಳಿತು ದಿನಕ್ಕಿಷ್ಟರಂತೆ ಅಷ್ಟನ್ನೂ ಬೀಸಿದಳು. ಆ ರೊಟ್ಟಿ ಬೇರೆ ಯಾರಿಗೂ ಕೊಡಲಿಲ್ಲ. ಮುಗಿಯುವವರೆಗೂ ತಾನೊಬ್ಬಳೇ ಉಂಡಳು, ದಿನವೂ ಹಾಲಿನಲ್ಲಿ ನೆನೆಸಿ.

ನಾನು ನಕ್ಷೆ ಒಪ್ಪಿಸುವಾಗ ಹೊಳೆದಂಡೆಯ ಜಾಗವನ್ನು ತಿದ್ದಿ ತಗ್ಗು ಎಂದು ಗುರುತಿಸಿದೆ. ಹೊಲದ ನಡುವಿನ ಆ ಗೆರೆಯನ್ನು ತಿದ್ದಲಿಲ್ಲ. ಸರ್ ಕಾರಣ ಕೇಳಿದಾಗ, ಅಲ್ಲಿರುವುದು ಊರಿನ ಮಣ್ಣೇ, ಹೋಗಿ ನೋಡಿ ಬಂದಿದ್ದೇನೆ ಅಂದೆ. ಹಾಗಾದರೆ ಅದನ್ನು ಬೇರೆ ವರ್ಗ ಮಾಡಿ ವಿವರಣೆ ಬರೆ ಅಂದರು. ಬರೆದೆ. ಮಣ್ಣಿನ ವಿಷಯವಷ್ಟೇ ಬರೆದೆ.

ಆಯಿ ಈಗಲೂ ಸಂಜೆಗೆ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಾಳೆ. ಹಾಲು ಹಾಕಿ ಬಂದ ಮೇಲೆ ಅಳು ನಿಂತೀತು ಅಂದುಕೊಂಡಿದ್ದೆವು. ಮೊರದ ಮೇಲಿನ ಕೈ ಈಗಲೂ ನಡುವೆ ನಿಲ್ಲುತ್ತದೆ. ಆದರೆ ಆಕೆ ಕುಳಿತ ದಿಕ್ಕು ಬದಲಾಗಿದೆ. ಹೊಳೆಯ ಕಡೆಗೆ ಬೆನ್ನು, ಬೂದಿಪಟ್ಟಿಯಿರುವ ಶಿರಹಟ್ಟಿ ಹಾದಿಯ ಕಡೆಗೆ ಮುಖ.

"ಅಳಾಕತ್ತೈತೇನ ಆಯಿ?" ಅಂತ ಕೇಳಿದೆ ಕಳೆದ ಸಲ ಹೋದಾಗ.

"ಇಲ್ಲ," ಅಂದಳು. ನನ್ನನ್ನು ಸುಮ್ಮನಿರಿಸಲು ಕೈ ಎತ್ತಿ ಮತ್ತೊಂದಿಷ್ಟು ಕೇಳಿಸಿಕೊಂಡಳು. "ಈಗ ಮಾತು ಕಲ್ಯಾಕತ್ತಾಳ."