ಬಿಳಿ ತೊಗಲಿನ ಮೇಲೆ ಕುಂಕುಮ

ಈಗ ಬಸವಕಲ್ಯಾಣ ಎಂದು ಕರೆಯುವ ಊರನ್ನು ಆಗ ನಾವು ಬರೀ ಕಲ್ಯಾಣಿ ಎನ್ನುತ್ತಿದ್ದೆವು. ನಿಜಾಮರ ಕಾಲ. ಅಲ್ಲಿಯ ಬಜಾರಿನಲ್ಲಿ ಅಪ್ಪನ ಅರಿವೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಪ್ರತಿ ಕೆಲಸಕ್ಕೂ ಒಂದು ಹೊತ್ತಿತ್ತು, ಪ್ರತಿ ಸಾಮಾನಿಗೂ ಒಂದು ಜಾಗವಿತ್ತು. ಅಪ್ಪ ಕಣ್ಣು ಮುಚ್ಚಿ ಕೈ ಚಾಚಿದರೂ ಕತ್ತರಿ ಕೈಗೆ ಸಿಗಬೇಕು. ಸಿಗದಿದ್ದರೆ ಅಂದು ಯಾರೂ ದನಿ ಎತ್ತಿ ಮಾತಾಡುತ್ತಿರಲಿಲ್ಲ. ಆ ಶಿಸ್ತಿನಲ್ಲಿ ಬೆಳೆದ ನಾನು ಇಂದಿಗೂ ಹಾಗೆಯೇ ಇದ್ದೇನೆ. ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಆ ಶಿಸ್ತಿನಲ್ಲಿ ಎಲ್ಲಿ ಇಡಬೇಕೆಂದು ತಿಳಿಯದ ವಸ್ತುವೊಂದು ಒಮ್ಮೆ ನಮ್ಮ ಮನೆಗೆ ಬಂತು.

ನನಗೆ ಹದಿನೆಂಟು ತುಂಬಿತ್ತು. ನಮ್ಮ ಕಡೆಯ ಲೆಕ್ಕದಲ್ಲಿ ತಡವೇ. ಹುಮನಾಬಾದಿನಿಂದ ನನ್ನನ್ನು ನೋಡಲು ಒಬ್ಬ ಹುಡುಗ ತನ್ನ ದೊಡ್ಡಪ್ಪನೊಂದಿಗೆ ಬಂದಿದ್ದ. ಹೈದರಾಬಾದಿನಲ್ಲಿ ಓದಿ ಬಂದು ಹುಮನಾಬಾದಿನ ಶಾಲೆಯಲ್ಲಿ ಮಾಸ್ತರನಾಗಿದ್ದ. ಕೈಯಲ್ಲಿ ಒಂದು ನೋಟುಬುಕ್ಕು, ಅದಕ್ಕೆ ಹಾಲಿನ ಕೆನೆಯ ಬಣ್ಣದ ಹೊದಿಕೆ. ಅವ್ವ ಚುರುಮುರಿ ಒಗ್ಗರಣೆಯ ಸುಸಲಾದ ತಾಟು ತಂದಿಟ್ಟಾಗ ಅವನು ಬೆರಳಿಗೆ ಎಣ್ಣೆ ಹತ್ತುವ ಮೊದಲೇ ಆ ಹೊದಿಕೆಯನ್ನು ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟ. ಆಮೇಲೆ ನನ್ನನ್ನು ಒಂದೇ ಮಾತು ಕೇಳಿದ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು. ಕೋಳಿ ಕೂಗುವ ಮೊದಲು ಎಂದೆ. ಅವನು ನಕ್ಕನೋ, ಹೆದರಿದನೋ ನನಗೆ ತಿಳಿಯಲಿಲ್ಲ. ಹೋಗುವಾಗ ನೋಟುಬುಕ್ಕು ತೆಗೆದುಕೊಂಡು ಹೋದ, ಹೊದಿಕೆ ಗೂಡಿನಲ್ಲೇ ಉಳಿಯಿತು.

ಹುಡುಗಿ ಒಪ್ಪಿಗೆ ಎಂದು ಅವರ ಕಡೆಯಿಂದ ಬೇಗನೆ ಮಾತು ಬಂತು. ನಿಮ್ಮ ಮಾತು ತಿಳಿಸಿರಿ, ಹಾಗೇ ಆ ಜಿಲ್ದವನ್ನೂ ಬರುವವರ ಕೈಯಲ್ಲಿ ಕಳಿಸಿರಿ ಎಂದು ಹೇಳಿ ಕಳಿಸಿದ್ದರು. ಜಿಲ್ದವೆಂದರೆ ನೋಟುಬುಕ್ಕಿನ ಆ ಹೊದಿಕೆ. ನಮ್ಮ ಮನೆಯಲ್ಲಿ ಮಾತು ಮುಂದೆ ಹೋಗಲಿಲ್ಲ. ಅವ್ವನಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಒಪ್ಪಲಿಲ್ಲ.

"ಆ ಮನ್ಯಾಗ ಊಟಕ್ಕ ಹೊತ್ತಿಲ್ಲ, ಗೊತ್ತಿಲ್ಲ. ಹಸಿವಾದವ್ರು ಉಣ್ತಾರ, ನಿದ್ದಿ ಬಂದವ್ರು ಮಕ್ಕೋತಾರ. ಧರ್ಮಶಾಳಿ ಇದ್ದಂಗ ಅದ," ಎಂದಳು.

"ಹಸಿವಾದಾಗ ಉಣ್ಣದ ಇನ್ನ ಯಾವಾಗ ಉಣ್ಣಬೇಕ್ರಿ ಅತ್ತಿ?" ಎಂದು ಅವ್ವ ಕೇಳಿದಳು.

"ನಿನಗ ಅದೇ ಬೇಕಾಗ್ಯಾದ."

ಅಪ್ಪ ಮಾತ್ರ ನನ್ನನ್ನು ಅಂಗಡಿಗೆ ಕರೆದು, "ನೀ ಜರಾ ವಿಚಾರ ಮಾಡು," ಎಂದರು. ಅಷ್ಟೇ ಹೇಳಿ ಗಿರಾಕಿಗಳ ಕಡೆ ತಿರುಗಿದರು. ವಿಚಾರ ಮಾಡುವುದೆಂದರೆ ಏನು ಮಾಡಬೇಕು, ಎಲ್ಲಿ ಕುಳಿತು ಮಾಡಬೇಕು, ಮುಗಿದದ್ದು ಹೇಗೆ ಗೊತ್ತಾಗಬೇಕು, ಇದನ್ನೆಲ್ಲ ಯಾರೂ ನನಗೆ ಕಲಿಸಿರಲಿಲ್ಲ. ಕಸ ಗುಡಿಸುವಾಗ ವಿಚಾರ ಮಾಡಿದರೆ ಮೂಲೆಗಳು ಉಳಿದುಬಿಡುತ್ತಿದ್ದವು. ಮೂಲೆ ನೋಡಿದರೆ ವಿಚಾರ ಮರೆಯುತ್ತಿತ್ತು. ಹುಡುಗನ ಮುಖ ನೆನಪಿಸಿಕೊಳ್ಳಲು ಹೋದರೆ ಸುಸಲಾದ ತಾಟು ನೆನಪಾಗುತ್ತಿತ್ತು.

ಅಷ್ಟರಲ್ಲಿ ದೀಪಾವಳಿ ಬಂತು. ಮಂದಿಯ ಸಾಮಾನು, ಯಾರೂ ಮುಟ್ಟಬಾರದು ಎಂದು ಅಪ್ಪ ಆ ಹೊದಿಕೆಯನ್ನು ಅಂಗಡಿಯ ಕಪಾಟಿನಲ್ಲಿ, ಲೆಕ್ಕದ ವಹಿಗಳ ಮೇಲೆ ಇಟ್ಟಿದ್ದರು. ಲಕ್ಷ್ಮೀಪೂಜೆಯ ಸಂಜೆ ಅವ್ವ ಕಪಾಟಿನಲ್ಲಿದ್ದದ್ದನ್ನೆಲ್ಲ ಹಾಗೇ ಎತ್ತಿ ತಂದು ಮಣೆಯ ಮೇಲೆ ಜೋಡಿಸಿದಳು. ನಮ್ಮಲ್ಲಿ ಆ ದಿನ ವಹಿ, ತಕ್ಕಡಿ, ಗಜಕಡ್ಡಿ, ಕತ್ತರಿ ಯಾವುದೂ ಬರಿಯ ಹಣೆಯಲ್ಲಿ ಇರುವಂತಿಲ್ಲ. ಪ್ರತಿಯೊಂದಕ್ಕೂ ವಿಭೂತಿ ಎಳೆದು, ಕಲಸಿದ ಅರಿಶಿನ ಹಚ್ಚಿ, ಅದರ ಮೇಲೆ ನೀರಲ್ಲಿ ನೆನೆಸಿದ ಕುಂಕುಮ ಇಡಬೇಕು. ಹೊದಿಕೆಯನ್ನು ಅವಳು ಮೇಣಬಟ್ಟೆಯ ಹೊಸ ವಹಿ ಎಂದುಕೊಂಡಳಂತೆ. ಹೊಸದೆಂದು ಕೈ ತುಸು ಉದಾರವಾಗಿಯೇ ಹಚ್ಚಿತ್ತು.

ಮರುದಿನ ವಹಿಗಳನ್ನು ತಿರುಗಿ ಇಡುವಾಗ ಅದನ್ನು ಮೊದಲು ಕಂಡವಳು ಆಯಿ. ಮೂಸಿ ನೋಡಿದಳು.

"ಇದು ತೊಗಲು," ಎಂದಳು. "ತೊಗಲು ಮಣಿ ಮ್ಯಾಲ ಕುಂತು ಪೂಜಿ ಮಾಡಿಸ್ಕೊಂಡದ."

"ನಗಾರಿದೂ ತೊಗಲೇ ಅಲ್ಲೇನ್ರಿ," ಎಂದಳು ಅವ್ವ. ದನಿಯಲ್ಲಿ ಧೈರ್ಯ ಕಡಿಮೆ ಇತ್ತು.

ನಮಗೆ ತೊಗಲೆಂದರೆ ಚಪ್ಪಲಿ, ಬಾವಿಯಿಂದ ನೀರೆತ್ತುವ ಮೊಟ್ಟೆಯ ಚೀಲ, ಕುದುರೆಯ ಜೀನು. ಎಲ್ಲವೂ ಕೆಂಪು, ಇಲ್ಲವೆ ಕಪ್ಪು. ಬಿಳಿಯ ತೊಗಲು ಇರುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ಆದರೆ ಆಯಿಯ ಚಿಂತೆ ತೊಗಲಿನದಲ್ಲ. ಅದನ್ನು ಅಪ್ಪನ ಮುಂದೆ ಹಿಡಿದು, "ಹುಡುಗನ ಸಾಮಾನಿಗಿ ನಿನ್ನ ಹೆಂಡ್ತಿ ಕುಂಕುಮ ಹಚ್ಚ್ಯಾಳ. ಹಿಂಗೇ ಕಳಿಸಿದ್ರ ಹೂಂ ಅಂದಂಗ ಆಯ್ತು," ಎಂದಳು.

ಅದು ನಿಜವಿತ್ತು. ನಮ್ಮ ಕಡೆ ನಿಶ್ಚಯಕ್ಕೆ ಕುಂಕುಮ ಹಚ್ಚುವುದು ಎಂದೇ ಹೇಳುತ್ತಾರೆ. ಹೆಣ್ಣಿನ ಮನೆಯಿಂದ ಕುಂಕುಮ ಹಚ್ಚಿಕೊಂಡು ಹೋದ ವಸ್ತುವನ್ನು ನೋಡಿದ ಮೇಲೆ ಹುಮನಾಬಾದಿನವರು ಬೇರೆ ಮಾತು ಕೇಳುತ್ತಿರಲಿಲ್ಲ.

"ನಾವು ಇನ್ನಾ ಏನೂ ಹೇಳಿಲ್ಲ," ಎಂದರು ಅಪ್ಪ. "ಒರಸಿ ಕಳಿಸಿದ್ರಾಯ್ತು."

ಆಗ ಆಯಿ ಇನ್ನೊಂದು ಮಾತು ಹೇಳಿದಳು. "ಹಚ್ಚಿದ ಕುಂಕುಮ ಅಳಿಸ್ತಾರೇನು? ಅಳಿಸಿ ಕಳಿಸಿದ್ರ ಅದಕ್ಕ ಏನಂತಾರ, ನನಗ ಹೇಳು."

ಸಂಬಂಧ ಬೇಡ ಎಂದವಳು ಆಯಿ, ಕುಂಕುಮ ಅಳಿಸಬಾರದು ಎಂದವಳೂ ಆಯಿ. ಸಂಬಂಧ ಬೇಕೆಂದ ಅವ್ವನಿಗೆ ಮಂದಿಯ ವಸ್ತು ಹೊಲಸಾಗಿ ಹೋಗುವುದೇ ನಾಚಿಕೆಯಾಗಿ, ಒರಸಬೇಕು ಎನ್ನತೊಡಗಿದಳು. ಯಾರು ಯಾವ ಕಡೆ ಇದ್ದಾರೆಂದು ನನಗೆ ಅರ್ಥವಾಗದೆ ಹೋಯಿತು. ಅವರಿಗೂ ಆಗಿರಲಿಲ್ಲ ಎಂದು ಈಗ ಅನಿಸುತ್ತದೆ. ಕೊನೆಗೆ ಅಪ್ಪ ಅದನ್ನು ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ಕಲೆ ತೆಗೆಯುವ ಕೆಲಸ ನನ್ನದು. ಅಪ್ಪನ ತಮ್ಮ, ನಮ್ಮ ಕಾಕಾ, ಮುಂದಿನ ಸಂತೆಯ ದಿನ ಮೋಟಾರಿನಲ್ಲಿ ಹುಮನಾಬಾದಿಗೆ ಹೋಗುವವನಿದ್ದ, ಅಷ್ಟರೊಳಗೆ ಆಗಬೇಕಿತ್ತು.

ಕೆಲಸವೆಂದ ಮೇಲೆ ನನಗೆ ಧೈರ್ಯ ಬಂತು. ಅಪ್ಪನ ಹಳೆಯ ಧೋತರದ ತುಂಡನ್ನು ತೆಗೆದುಕೊಂಡು ಮೊದಲು ಒಣಗಿದ್ದನ್ನು ಒಣಗಿದ ಬಟ್ಟೆಯಿಂದಲೇ ಒರಸಿದೆ. ವಿಭೂತಿ ಪೂರ್ತಿ ಹೋಯಿತು. ಕುಂಕುಮದ ಪುಡಿ ಮುಕ್ಕಾಲು ಪಾಲು ಉದುರಿತು. ಅದನ್ನು ತಿಕ್ಕದೆ ಬಟ್ಟೆಯ ಅಂಚಿನಿಂದ ಎತ್ತಿ ಎತ್ತಿ ತೆಗೆದೆ. ತಿಕ್ಕಿದರೆ ಪುಡಿ ತೊಗಲಿನ ಸಣ್ಣ ಗೆರೆಗಳೊಳಗೆ ಇಳಿಯುತ್ತಿತ್ತು. ಉಳಿದದ್ದು ಅರಿಶಿನ. ಅಂಗಡಿಯಲ್ಲಿ ಸಾಬೂನಿತ್ತು. ಒದ್ದೆ ಬಟ್ಟೆಗೆ ಸಾಬೂನು ಹಚ್ಚಿ ಹಳದಿಯ ಮೇಲೆ ಮೆಲ್ಲಗೆ ಎಳೆದೆ.

ಹಳದಿ ಕೆಂಪಾಯಿತು.

ನಾನು ಕೈ ನೋಡಿಕೊಂಡೆ, ಬಟ್ಟೆ ನೋಡಿದೆ. ಎಲ್ಲಿಯೂ ಕುಂಕುಮವಿರಲಿಲ್ಲ. ಇನ್ನೊಮ್ಮೆ ಎಳೆದೆ, ಇನ್ನಷ್ಟು ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬೆರೆತರೆ ಕುಂಕುಮವಾಗುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೇ ಮಾಡುತ್ತಿದ್ದರು. ಸಾಬೂನಿಗೂ ಆ ಗುಣವಿದೆ ಎಂಬುದು ಹೊಳೆದಿರಲಿಲ್ಲ. ಅವ್ವ ಹಚ್ಚಿದ ಬೊಟ್ಟು ಒಂದು ರೂಪಾಯಿಯಷ್ಟಿತ್ತು. ನಾನು ಅಳಿಸಲು ಹೋಗಿ ಅಂಗೈಯಷ್ಟು ಮಾಡಿದ್ದೆ.

ಆಯಿ ಬಂದು ಅದನ್ನು ಕೈಗೆತ್ತಿಕೊಂಡು ನೋಡಿದಳು. "ನಿಮ್ಮವ್ವ ಹಚ್ಚಿದ್ದು ಸಾಲಲಿಲ್ಲೇನು?" ಎಂದಳು.

"ನಾ ತೆಗಿಯಾಕತ್ತೇನಿ ಆಯಿ."

"ಕಾಣಾಕತ್ತದ."

ಅಪ್ಪ ತಮ್ಮ ಗೆಳೆಯರೊಬ್ಬರಿಗೆ ತೋರಿಸಿದರು. ಬಜಾರಿನಲ್ಲಿ ಜೀನು, ಲಗಾಮು ಮಾರುತ್ತಿದ್ದ ಸಾಹೇಬರು. ಅವರು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ತೊಗಲು ಕೆಂಪು ಮಾಡೋದು ನನಗ ಗೊತ್ತದ ಶೇಠಜಿ," ಎಂದರು. "ಬಿಳಿ ಮಾಡೋದು ಗೊತ್ತಿಲ್ಲ. ಹೇಳಿದ್ರ ಪೂರಾ ಕೆಂಪು ಮಾಡಿಕೊಡ್ತೀನಿ, ಡಾಗ ಕಾಣಂಗಿಲ್ಲ."

"ಹಂಗ ಮಾಡಿದ್ರ ನಮ್ಮ ಬೀಗರಾಗೋರು ಏನಂತಾರ?"

"ಬೀಗರು ಆಗ್ಯಾರೇನು? ಮುಬಾರಕ್."

"ಇನ್ನಾ ಆಗಿಲ್ಲ," ಎಂದು ಅಪ್ಪ ಅದನ್ನು ತಿರುಗಿ ತಂದರು. ಬೀಗರಾಗೋರು ಎಂದು ತಮ್ಮ ಬಾಯಿಂದ ಹೇಗೆ ಬಂತು ಎಂದು ಮನೆಗೆ ಬಂದು ಅವ್ವನನ್ನೇ ಕೇಳಿದರು.

ಕೆಂಪನ್ನು ಇಳಿಸಿದ್ದು ನಿಂಬೆಹಣ್ಣು. ಅದನ್ನು ನಾನು ಮೊದಲು ಒಳಗಿನ ಮಡಿಕೆಯ ಮೇಲೆ, ಯಾರಿಗೂ ಕಾಣದಲ್ಲಿ ಒಂದು ಹನಿ ಇಟ್ಟು ಪರೀಕ್ಷಿಸಿದೆ. ಸಾಬೂನಿಗೂ ಹೀಗೇ ಮಾಡಬೇಕಿತ್ತು. ನೀರು ಬೆರೆಸಿದ ಹುಳಿಯನ್ನು ಬಟ್ಟೆಗೆ ತಾಕಿಸಿ ಒತ್ತಿದರೆ ಕೆಂಪು ಹೋಗಿ ಮತ್ತೆ ಹಳದಿಯಾಯಿತು. ನಾನು ಹೊರಟಲ್ಲಿಗೇ ಬಂದು ನಿಂತಿದ್ದೆ. ಹುಳಿಯನ್ನು ಬರೀ ನೀರಿನ ಬಟ್ಟೆಯಿಂದ ತೆಗೆದು, ಕೂಡಲೇ ಒಣ ಬಟ್ಟೆಯಿಂದ ಒತ್ತಿದೆ. ಮೆತ್ತಗಾಗಲಿ ಎಂದು ಚಪ್ಪಲಿಗೆ ಹಚ್ಚುವಂತೆ ಕುಸುಬಿ ಎಣ್ಣೆ ಹಚ್ಚು ಎಂದು ಕಾಕಾ ಹೇಳಿದ. ಅದನ್ನೂ ಒಳಗಿನ ಮಡಿಕೆಗೆ ಒಂದು ಹನಿ ಇಟ್ಟು ನೋಡಿದೆ. ತೊಗಲು ಕಾಫಿಯ ಬಣ್ಣಕ್ಕೆ ತಿರುಗಿತು. ಎಣ್ಣೆಯ ಬಟ್ಟಲನ್ನು ಒಳಗಿಟ್ಟೆ.

ಅರಿಶಿನ ಹತ್ತಿದ ಬಟ್ಟೆ ಬಿಸಿಲಿನಲ್ಲಿ ಬೆಳ್ಳಗಾಗುತ್ತದೆ ಎಂಬುದು ಅರಿವೆ ಅಂಗಡಿಯ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ತೊಗಲು ಬಿಸಿಲಿಗೆ ಬಿರಿಯುತ್ತದೆ ಎಂಬುದೂ ಗೊತ್ತು. ಹಾಗಾಗಿ ಎಳೆಬಿಸಿಲು ಕಿಟಕಿಗೆ ಬಂದಾಗ ಇಟ್ಟು, ಕೈಗೆ ಬೆಚ್ಚಗೆ ತಾಕಿದ ಕೂಡಲೇ ನೆರಳಿಗೆ ಎತ್ತಿಕೊಳ್ಳುತ್ತಿದ್ದೆ. ದಿನಾ ಅದನ್ನೇ ಮಾಡಿದೆ. ಬಿಳಿ ತೊಗಲಿನ ಬಗ್ಗೆ ಇಂದು ಯಾರಾದರೂ ಕೇಳಿದರೆ ಇಷ್ಟೇ ಹೇಳುತ್ತೇನೆ: ಒಣ ಬಟ್ಟೆ ಮೊದಲು, ನೀರು ಕಡಿಮೆ, ಸಾಬೂನು ಬೇಡ, ಏನು ಹಚ್ಚುವುದಿದ್ದರೂ ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ.

ಹಳದಿ ದಿನದಿಂದ ದಿನಕ್ಕೆ ತೆಳುವಾಯಿತು. ಕೆಲಸ ಚೆನ್ನಾಗಿ ಆಗುತ್ತಿತ್ತು, ಆದರೆ ನನಗೆ ಸಮಾಧಾನ ಇರಲಿಲ್ಲ. ಪೂರ್ತಿ ಬೆಳ್ಳಗಾದರೆ ಮದುವೆ ಇಲ್ಲ ಎಂದು ನಾನೇ ಹೇಳಿದಂತಾಗುತ್ತದೆ ಅನಿಸುತ್ತಿತ್ತು. ಕಲೆ ಉಳಿದರೆ ಕೆಲಸ ಬಾರದವಳು ಎಂದಾಗುತ್ತದೆ. ಕಿಟಕಿಯಲ್ಲಿ ಅದನ್ನು ಇಟ್ಟು ಕಾಯುವಾಗ, ಇದು ಹೋಗಲಿ ಎಂದು ಬಯಸುತ್ತಿದ್ದೇನೆಯೋ ಉಳಿಯಲಿ ಎಂದೋ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೆ. ಒಂದು ಮುಂಜಾನೆ ಹೋಗಲಿ, ಮರುದಿನ ಉಳಿಯಲಿ. ಎಣ್ಣೆಯ ಬೆರಳು ತಾಕದಿರಲಿ ಎಂದು ಹೊದಿಕೆ ಬಿಚ್ಚಿಟ್ಟವನು ಹೊತ್ತುಗೊತ್ತಿಲ್ಲದ ಮನೆಯವನು ಹೇಗಾದ ಎಂಬುದೂ ಬಗೆಹರಿಯಲಿಲ್ಲ. ಅಷ್ಟು ಜತನ ಮಾಡುವವನು ಅದನ್ನೇ ಮರೆತು ಹೋದದ್ದು ಹೇಗೆ ಎಂಬುದೂ.

ಸಂತೆಯ ದಿನ ಬಂತು. ಹೊದಿಕೆಯಲ್ಲಿ ಕೆಂಪು ಇರಲಿಲ್ಲ. ಹಳದಿ ಇದೆ ಎಂದು ತಿಳಿದವರಿಗೆ ಕಾಣುತ್ತಿತ್ತು, ತಿಳಿಯದವರಿಗೆ ಇಲ್ಲ. ನಾನು ಅದನ್ನು ಬಿಳಿಯ ಮಲ್ಲಿನ ಬಟ್ಟೆಯಲ್ಲಿ ಸುತ್ತಿ, ಅಂಚುಗಳನ್ನು ಸರಿಮಾಡಿ ಅಪ್ಪನ ಮುಂದಿಟ್ಟೆ. ಕಾಕಾ ಜಗಲಿಯ ಮೇಲೆ ರುಮಾಲು ಸುತ್ತಿಕೊಳ್ಳುತ್ತಿದ್ದ.

"ಸಾಮಾನು ಆಯ್ತು," ಎಂದ. "ಮಾತೇನು ಹೇಳ್ಲಿ?"

ಅಪ್ಪ ಆಯಿಯ ಕಡೆ ನೋಡಿದರು. ಆಯಿ ಅವ್ವನ ಕಡೆ ನೋಡಿದಳು. ಅವ್ವ ಒಳಗೆ ಹೋಗಿ ಕುಂಕುಮದ ಭರಣಿ ಹಿಡಿದು ಬಂದಳು, ಬಂದವಳು ಬಟ್ಟೆಯ ಗಂಟು ಬಿಚ್ಚಿ, ಬೆರಳನ್ನು ಭರಣಿಯಲ್ಲಿ ಅದ್ದಿ, ನನ್ನ ಮುಖ ನೋಡುತ್ತ ನಿಂತಳು.

"ಹಚ್ಚಲೇನು?"

ಅವಳ ಬೆರಳು ತೊಗಲಿನ ಹತ್ತಿರವೇ ಇತ್ತು. ಇನ್ನೇನು ತಾಕಬೇಕು.

"ಬಟ್ಟಿ ಮ್ಯಾಲ ಹಚ್ಚವ್ವ," ಎಂದೆ. "ತೊಗಲಿಗಿ ಬ್ಯಾಡ."

ಅವ್ವ ಗಂಟನ್ನು ತಿರುಗಿ ಕಟ್ಟಿ, ಬಿಳಿಯ ಮಲ್ಲಿನ ನಡುವೆ ಕುಂಕುಮ ಹಚ್ಚಿದಳು.

"ಹಂಗಾರ ಹೂಂ ಅಂತ ಹೇಳಿ ಕಳಿಸ್ಲೇನು?" ಎಂದರು ಅಪ್ಪ.

"ತೊಗಲಿಗಿ ಡಾಗ ಹಿಡೀತದ್ರಿ ಅಪ್ಪಾ. ಅದಕ್ಕ ಅಂದೆ."

"ಬಟ್ಟಿಗೂ ಹಿಡೀತದ."

"ಬಟ್ಟಿ ಒಗೀಲಿಕ್ಕ ಬರ್ತದ್ರಿ."

ಕಾಕಾ ನಗತೊಡಗಿದ. ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹೋಗಿ ಹೇಳು ಅವ್ರಿಗಿ," ಎಂದಳು. "ಹುಡುಗಿ ಹೊತ್ತಿಗಿ ಸರಿಯಾಗಿ ಉಣ್ಣಾಕಿ ಅದಾಳ, ಒಲಿ ಜಲ್ದಿ ಹಚ್ಚೂದು ಕಲೀರಿ ಅಂತ." ಬೇಡ ಎನ್ನುತ್ತಿದ್ದವಳು ಯಾವ ಹೊತ್ತಿನಲ್ಲಿ ತಿರುಗಿದಳೋ ನಾನು ಕಾಣಲಿಲ್ಲ.

ನಾನು ಹೇಳಿದ್ದು ತೊಗಲಿನ ಮಾತೋ, ಮದುವೆಯ ಮಾತೋ? ಆ ಮಾಸ್ತರರೊಂದಿಗೆ ಹುಮನಾಬಾದಿನಲ್ಲಿ ಇಷ್ಟು ವರ್ಷ ಬಾಳಿದ ಮೇಲೂ ನನಗೆ ಖಚಿತವಿಲ್ಲ. ಅಂದು ಕಾಕಾ ಗಂಟನ್ನು ಬಗಲಲ್ಲಿಟ್ಟುಕೊಂಡು ಮೋಟಾರಿಗೆ ಹೋದ ಮೇಲೆ ನಾನು ಎಂದಿನಂತೆ ಒಲೆಯ ಮುಂದೆ ಹೋಗಿ ಕುಳಿತೆ. ಮೊದಲು ಹಿಟ್ಟು ಜರಡಿ ಹಿಡಿಯಬೇಕೋ ಎಸರಿಗೆ ನೀರು ಇಡಬೇಕೋ ತಿಳಿಯದೆ ಕೈ ಮಡಿಲಲ್ಲಿಟ್ಟುಕೊಂಡಿದ್ದೆ. ಅವ್ವ ಬಂದು ಜರಡಿಯನ್ನು ನನ್ನ ಕೈಗೆ ಕೊಟ್ಟಳು.