ಬಂಡಿ ಎಂದು ಬರೆಯಬೇಕಿತ್ತು

ಅವ್ವ ಅದನ್ನು ಬಂಡಿ ಎಂದೇ ಕರೆಯುತ್ತಿದ್ದಳು. ಮಕ್ಕಳ ಸೈಕಲ್ಲಿನ ಎರಡು ಚಕ್ರ, ಅವುಗಳ ಮೇಲೊಂದು ಹಲಗೆ, ಮುಂದಕ್ಕೆ ಚಾಚಿದ ಎರಡು ಬಿದಿರಿನ ಕೋಲು, ಕೋಲುಗಳ ನಡುವೆ ನಿಲ್ಲುವ ಒಂದು ದೊಡ್ಡ ನಾಯಿ. ಇಷ್ಟಕ್ಕೆ ಆ ಪದ ಹೆಚ್ಚಾಯಿತೆಂದು ನನಗೆ ಅನಿಸುತ್ತಿತ್ತು. ಬಂಡಿ ಎಂದರೆ ಎತ್ತುಗಳು ಎಳೆಯುವಂಥದ್ದು. ಅಲ್ಲದೆ ಅದು ತೆಲುಗಿನಲ್ಲಿಯೂ ಇರುವ ಪದವಾದ್ದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಳ್ಳಾರಿಯಲ್ಲಿ ಪದವಿ ಪಡೆದಿದ್ದ ನಾನು ಅದನ್ನು ಬರವಣಿಗೆಯಲ್ಲಿ ಬಳಸಲು ಹಿಂಜರಿಯುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವರಲ್ಲಿ ನಾನೇ ಮೊದಲು. ನಾನು ಬರೆದುದರಲ್ಲಿ ತಪ್ಪಿದ್ದರೆ ತಿದ್ದುವವರು ಮನೆಯಲ್ಲಿ ಯಾರೂ ಇರಲಿಲ್ಲ. ತಪ್ಪಬಾರದೆಂಬ ಭಯ ಮಾತ್ರ ಸದಾ ಇರುತ್ತಿತ್ತು.

ನಾಯಿ ಬಂಡಿ ಎಳೆಯುವುದನ್ನು ನಾನು ಮೊದಲು ಕಂಡದ್ದು ಮಡಕಶಿರದ ಕಡೆಯ ಹಳ್ಳಿಯೊಂದರಲ್ಲಿ, ಸೋದರತ್ತೆಯ ಮನೆಯಲ್ಲಿ. ಅವರದು ರೇಷ್ಮೆಹುಳು ಸಾಕುವ ಮನೆ. ಹಿಪ್ಪುನೇರಳೆ ತೋಟದಿಂದ ಹುಳುಮನೆಗೆ ದಿನಕ್ಕೆ ಹಲವು ಸಲ ಸೊಪ್ಪು ಸಾಗಿಸಬೇಕು, ಬದುವಿನ ಮೇಲಿನ ದಾರಿಯಲ್ಲಿ ಎತ್ತಿನ ಬಂಡಿ ಹಿಡಿಸುವುದಿಲ್ಲ. ಮಾವನ ತಂದೆಯ ಕಾಲದಿಂದಲೂ ಆ ಕೆಲಸ ನಾಯಿಗಳದು. ಕುರಿಮಂದೆ ಕಾಯುವ ಜಾತಿಯ, ಅಗಲ ಎದೆಯ ನಾಯಿಯನ್ನು ಆರಿಸಿ, ಎರಡು ವರ್ಷ ತುಂಬುವವರೆಗೆ ಭಾರ ತೋರಿಸದೆ, ಮೊದಲು ಬರಿಯ ಪಟ್ಟಿ ಕಟ್ಟಿ, ಆಮೇಲೆ ಖಾಲಿ ಬಂಡಿ ಕಟ್ಟಿ ಅಭ್ಯಾಸ ಮಾಡಿಸುತ್ತಿದ್ದರು. ಎಳೆತವೆಲ್ಲ ಎದೆಯ ಮೇಲೆಯೇ ಬೀಳಬೇಕು, ಕೊರಳಿಗೆ ಏನನ್ನೂ ಕಟ್ಟಬಾರದು. ಬಿಸಿಲೇರಿದ ಮೇಲೆ ಕೆಲಸವಿಲ್ಲ. ನಾಯಿಯನ್ನು ಹೀಗೆ ದುಡಿಸುವುದು ಸರಿಯೇ ಎಂದು ಒಮ್ಮೆ ಕೇಳಿದೆ. ಆಗಷ್ಟೇ ನನ್ನ ಪದವಿ ಮುಗಿದಿತ್ತು. ಮಾವ ಸೊಪ್ಪಿನ ಹೊರೆ ಬಿಗಿಯುತ್ತಲೇ ಹೇಳಿದರು: “ಸುಮ್ಕೆ ಬಿದ್ದಿದ್ರೆ ನಾಯಿ ಕೆಡ್ತೈತೆ ಕಣಮ್ಮ. ಓದ್ಕಂಡು ಮನೇಲಿ ಕೂತೋರ್ನೂ ನೋಡಿದೀನಿ.”

ಗಡಿಯಾಚೆ ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ ನಮ್ಮ ಮನೆ ಕೋಟೆಬೆಟ್ಟದ ಬುಡದ ಓಣಿಯಲ್ಲಿದೆ. ಓಣಿಗೆ ಏರು ಹೆಚ್ಚು, ಅಗಲ ಕಡಿಮೆ. ಆಟೋ ಒಳಗೆ ಬರುವುದಿಲ್ಲ. ಅವ್ವ ಜೀನ್ಸ್ ಹೊಲಿಯುವ ಘಟಕವೊಂದರಿಂದ ಪ್ಯಾಂಟುಗಳ ಗಂಟು ತಂದು, ಹೊಲಿಗೆಯಲ್ಲಿ ಉಳಿದ ದಾರದ ತುದಿಗಳನ್ನು ಚಿಕ್ಕ ಕತ್ತರಿಯಿಂದ ಕತ್ತರಿಸಿ, ಮರುದಿನ ಹಿಂದಿರುಗಿಸುತ್ತಾಳೆ. ಮೊಣಕಾಲು ಸೋತ ಮೇಲೆ ಗಂಟು ಹೊತ್ತು ಏರು ಹತ್ತುವುದು ಅವಳಿಂದ ಆಗಲಿಲ್ಲ. ಅಪ್ಪ ಬಳ್ಳಾರಿಯಲ್ಲಿ ಗಾರೆ ಕೆಲಸ ಮಾಡಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದರು. ಹೊರುವ ಕೆಲಸ ನನ್ನ ಪಾಲಿಗೆ ಬರಬೇಕಿತ್ತು. ಬರಲಿಲ್ಲ. ನಾನು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೆ, ಮತ್ತು ಗಂಟು ಹೊತ್ತು ಬಜಾರಿನಲ್ಲಿ ನಡೆಯಲು ನನಗೆ ಮನಸ್ಸಿರಲಿಲ್ಲ. ಈ ಎರಡು ಕಾರಣಗಳಲ್ಲಿ ಮೊದಲನೆಯದನ್ನಷ್ಟೇ ಬಾಯಿಬಿಟ್ಟು ಹೇಳಿದ್ದೆ.

ಅವ್ವ ಅತ್ತೆಯ ಊರಿಗೆ ಹೋಗಿ, ಕೆಲಸ ಕಲಿತ ನಾಯಿಯೊಂದನ್ನು ಶೇಂಗಾ ಚೀಲಗಳ ಜೊತೆ ಲಗೇಜು ಆಟೋದಲ್ಲಿ ಕರೆತಂದಳು. ಘಟಕದಲ್ಲಿ ಬಿಸಾಡುವ ಜೀನ್ಸ್ ಬಟ್ಟೆಯ ತುಂಡುಗಳನ್ನು ನಾಲ್ಕು ಪದರ ಮಡಚಿ, ನಡುವೆ ಹತ್ತಿ ತುಂಬಿ, ಅದರ ಎದೆಯ ಅಳತೆಗೆ ಪಟ್ಟಿ ಹೊಲಿದಳು. ಒಂದೂವರೆ ವರ್ಷ ಎಲ್ಲವೂ ಸರಿಯಾಗಿ ನಡೆಯಿತು. ಬೆಳಿಗ್ಗೆ ಮುಗಿದ ಗಂಟುಗಳು ಇಳಿಯುತ್ತಿದ್ದವು, ಹೊಸವು ಏರುತ್ತಿದ್ದವು. ನಾಯಿ ಸದಾ ಬಲಕ್ಕೆ ಸ್ವಲ್ಪ ವಾಲಿಕೊಂಡು ನಡೆಯುತ್ತಿತ್ತು. ಅದರ ನಡಿಗೆಯೇ ಹಾಗೆಂದು ನಾವು ತಿಳಿದಿದ್ದೆವು.

ಆಮೇಲೆ ದಾರಿಹೋಕರು ಮೊಬೈಲಿನಲ್ಲಿ ವಿಡಿಯೋ ತೆಗೆಯತೊಡಗಿದರು. ಅಂಥದ್ದೊಂದು ಘಟಕದ ಸೂಪರ್‌ವೈಸರ್ ಕಣ್ಣಿಗೂ ಬಿತ್ತು. ನಾಳೆ ಯಾರಾದರೂ ಪ್ರಾಣಿಹಿಂಸೆಯೆಂದು ದೂರು ಕೊಟ್ಟರೆ ತಮ್ಮ ಗೇಟಿನ ಮಾತು ಬರುತ್ತದೆ ಎಂಬುದು ಅವರ ಅಂಜಿಕೆ. ತಿಂಗಳ ಕೊನೆಯವರೆಗೆ ನೋಡುವುದಾಗಿಯೂ, ಆಮೇಲೆ ನಮ್ಮ ಗಂಟುಗಳು ಬೇರೆ ಮನೆಗೆ ಹೋಗುವುದಾಗಿಯೂ ಅವ್ವನಿಗೆ ತಿಳಿಸಿದರು.

“ಆಫೀಸಿಂದು ಏನಾರ ಒಂದು ಗುರ್ತು ತರ್ರಿ ಅಕ್ಕ. ಆಮ್ಯಾಲೆ ನಾಯಿ ತರ್ತೀರೋ ಆನಿ ತರ್ತೀರೋ, ನನಗೇನು.”

ಅರ್ಜಿ ಬರೆಯುವುದು ನಾನು ಮಾಡಬಲ್ಲ ಕೆಲಸವಾಗಿತ್ತು. ಮೂರು ಕರಡುಗಳನ್ನು ಮಾಡಿದೆ. ಹೊರದೇಶಗಳಲ್ಲಿ ದೊಡ್ಡ ನಾಯಿಗಳು ಹಾಲಿನ ಕ್ಯಾನುಗಳನ್ನು ಎಳೆಯುತ್ತಿದ್ದ ವಿಷಯವನ್ನು ಕಾಲೇಜಿನ ಗ್ರಂಥಾಲಯದಲ್ಲಿ ಓದಿ, ಟಿಪ್ಪಣಿ ಪುಸ್ತಕದಲ್ಲಿ ‘ನಾಯಿಗಾಡಿ’ ಎಂದು ಗುರುತು ಹಾಕಿಕೊಂಡಿದ್ದೆ. ಆ ಪದ ಅಚ್ಚುಕಟ್ಟಾಗಿದೆ ಎನಿಸಿತು. ಅರ್ಜಿಯ ವಿಷಯವನ್ನು ಹೀಗೆ ಬರೆದೆ: ‘ನಮ್ಮ ಓಣಿಯಲ್ಲಿ ನಾಯಿಗಾಡಿಯ ಸಂಚಾರಕ್ಕೆ ಅವಕಾಶ ಕಲ್ಪಿಸುವ ಕುರಿತು.’ ಓದಿ ಹೇಳಿದಾಗ ಅವ್ವ ಕೇಳಿದಳು: “ಬಂಡಿ ಅಂತ ಹಾಕಿದ್ರ ಆಗ್ತಿದ್ದಿಲ್ಲೇನವ್ವ?” ಬರವಣಿಗೆಯಲ್ಲಿ ಹಾಗೆ ಬರುವುದಿಲ್ಲವೆಂದು ಹೇಳಿದೆ.

ತೆಲುಗಿನಲ್ಲಿದ್ದರೆ ಕೆಲಸ ಬೇಗ ಆಗುತ್ತದೆಂದು ಎಲ್ಲರೂ ಹೇಳಿದ್ದರಿಂದ, ಪುರಸಭೆ ಕಚೇರಿಯ ಎದುರು ಮರದ ಕೆಳಗೆ ಕುಳಿತು ಅರ್ಜಿ ಬರೆದುಕೊಡುವವರ ಬಳಿ ಹೋದೆ. ಅವರು ವಿಷಯದ ಸಾಲನ್ನು ಓದಿ ಹಾಳೆಯನ್ನು ಮಡಚಿಟ್ಟರು. ಉಳಿದದ್ದನ್ನು ಓದುವ ಅಗತ್ಯವಿಲ್ಲ, ಇಂಥವನ್ನು ನೂರಾರು ಬರೆದಿದ್ದೇನೆ ಎಂದರು. ನಾಯಿ ಎಂಥದ್ದೆಂದು ಮಾತ್ರ ಕೇಳಿ, ದೊಡ್ಡದು, ಭಾರ ಕಟ್ಟಿಕೊಂಡು ಓಡಾಡುತ್ತದೆ ಎಂದು ನಾನು ಹೇಳಿದ್ದನ್ನು ಸೇರಿಸಿ ಅರ್ಧ ಹಾಳೆ ಬರೆದುಕೊಟ್ಟರು. ನಾನು ತೆಲುಗನ್ನು ತಡವರಿಸದೆ ಮಾತನಾಡುತ್ತೇನೆ, ಆದರೆ ಓದುವುದು ಅಕ್ಷರ ಅಕ್ಷರ ಕೂಡಿಸಿ. ನನ್ನ ಹಿಂದೆ ನಾಲ್ಕು ಮಂದಿ ಕಾಯುತ್ತಿದ್ದರು. ಪದವೀಧರೆಯೊಬ್ಬಳು ಅರ್ಧ ಹಾಳೆಯ ಮೇಲೆ ಬೆರಳಿಟ್ಟು ಓದುವುದನ್ನು ಅವರು ನೋಡುವುದು ನನಗೆ ಬೇಕಿರಲಿಲ್ಲ. ಸಹಿ ಹಾಕಿದೆ. ಒಳಗೆ ಅರ್ಜಿ ತೆಗೆದುಕೊಂಡವರು ವಾರದೊಳಗೆ ಬರುತ್ತದೆ ಎಂದರು. ನಾನು ಅನುಮತಿಪತ್ರ ಬರುತ್ತದೆಂದು ತಿಳಿದು ಧನ್ಯವಾದ ಹೇಳಿದೆ.

ನಮ್ಮ ಊರಿನಲ್ಲಿ ನಾಯಿಗಾಡಿ ಎಂದರೆ ಬೀದಿನಾಯಿಗಳನ್ನು ಹಿಡಿದೊಯ್ಯಲು ಬರುವ ವ್ಯಾನು. ನನಗೂ ಅದು ತಿಳಿದದ್ದೇ. ಬರೆಯುವಾಗ ನನ್ನ ಕಣ್ಣ ಮುಂದೆ ಪುಸ್ತಕದ ನಾಯಿಗಾಡಿ ಇತ್ತು, ಬೀದಿಯದು ಇರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅದು ಬಂದು ಓಣಿಯ ಬಾಯಲ್ಲಿ ನಿಂತಿತು. ಅವ್ವ ಹೊಸ ಗಂಟುಗಳೊಡನೆ ಆಗಷ್ಟೇ ಏರಿನ ಕೆಳಗೆ ತಲುಪಿದ್ದಳು. ನಾನು ಓಡಿ ಹೋಗುವಷ್ಟರಲ್ಲಿ ಇಬ್ಬರು ಬಲೆ ಬಿಚ್ಚಿಕೊಂಡು ನಿಂತಿದ್ದರು. ಅವರಲ್ಲಿ ಹಿರಿಯನ ಕೈಯಲ್ಲಿ ಅರ್ಜಿಯ ಪ್ರತಿ ಇತ್ತು. ಭಾರವಾದ ವಸ್ತು ಕಟ್ಟಿಕೊಂಡು ದೊಡ್ಡ ನಾಯಿಯೊಂದು ತಿರುಗುತ್ತಿದೆ, ಸಾರ್ವಜನಿಕರಿಗೆ ತೊಂದರೆಯಾಗಿದೆ, ನಾಯಿಗಾಡಿಯನ್ನು ಕಳುಹಿಸಿರಿ. ತೆಲುಗಿನಲ್ಲಿ ಹೀಗೆ ಬರೆದಿದೆಯೆಂದು ಆತ ಓದಿ ಹೇಳಿದ.

ಅರ್ಜಿ ಕೊಟ್ಟವರು ಯಾರೆಂದು ಅವ್ವ ಕೇಳಿದಳು. ಅಕ್ಕಪಕ್ಕದ ಮನೆಗಳ ಕಡೆಗೂ ಒಮ್ಮೆ ನೋಡಿದಳು.

“ನಾನ ಕೊಟ್ಟಿದ್ದವ್ವ,” ಎಂದೆ.

ಪದದಿಂದ ಆದ ತಪ್ಪು ತಿಳುವಳಿಕೆಯನ್ನು ಅವರಿಗೆ ವಿವರಿಸಲು ಪ್ರಯತ್ನಿಸಿದೆ. ಹಿರಿಯ ತಾಳ್ಮೆಯಿಂದಲೇ ಕೇಳಿಸಿಕೊಂಡ. ಸಹಿ ನಿಮ್ಮದೇ ಅಲ್ಲವೇ ಎಂದ, ಹೌದೆಂದೆ. ಕೊರಳಲ್ಲಿ ಪಟ್ಟಿಯಿಲ್ಲದ ನಾಯಿ ತಮ್ಮ ಲೆಕ್ಕಕ್ಕೆ ಬೀದಿನಾಯಿಯೇ ಎಂದೂ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಕೊಟ್ಟು ಇದೇ ಜಾಗದಲ್ಲಿ ತಂದುಬಿಡುವುದಾಗಿಯೂ ಹೇಳಿದ. ಇನ್ನೊಬ್ಬ ಬಲೆ ಎತ್ತಿದಾಗ ಅವ್ವ ಅಡ್ಡ ಬಂದಳು.

“ಬಲಿ ಬ್ಯಾಡ್ರಿ. ಬಿಚ್ಚಿ ನಾನ ಕೊಡ್ತೀನಿ.”

ಎದೆಪಟ್ಟಿಯನ್ನು ಬಿಚ್ಚಿ ತಾನೇ ವ್ಯಾನಿನವರೆಗೆ ನಡೆಸಿಕೊಂಡು ಹೋದಳು. ಅವಳು ಹೇಳಿದ್ದರಿಂದ ನಾಯಿ ಹತ್ತಿ ಕುಳಿತಿತು. ವ್ಯಾನು ಹೋದ ಮೇಲೆ ರಸ್ತೆಯಲ್ಲಿ ಗಂಟುಗಳ ಸಮೇತ ಬಂಡಿ ನಿಂತಿತ್ತು. ಸರಿಯಾದ ಪದವನ್ನು ಮೊದಲೇ ಬಳಸಬೇಕಾಗಿತ್ತು ಎಂಬರ್ಥದ ಏನನ್ನೋ ನಾನು ಹೇಳತೊಡಗಿದ್ದೆ. ಅವ್ವ ಪಟ್ಟಿಯನ್ನು ನನ್ನ ಕೈಗಿತ್ತಳು.

“ಗಾಡಿ ಅನ್ನು, ಬಂಡಿ ಅನ್ನು. ಎಳಿ.”

ಆರು ದಿನ ಎಳೆದೆ. ಗಂಟುಗಳು ಒಂದು ದಿನ ತಪ್ಪಿದರೂ ಬೇರೆ ಮನೆಗೆ ಹೋಗುತ್ತಿದ್ದವು, ಆದ್ದರಿಂದ ಆಯ್ಕೆ ಇರಲಿಲ್ಲ. ಮೊದಲ ದಿನ ಬಜಾರಿನಲ್ಲಿ ತಲೆ ತಗ್ಗಿಸಿ ನಡೆದೆ. ಘಟಕದ ಗೇಟಿನಲ್ಲಿ ಹೊಲಿಗೆಯ ಹೆಂಗಸೊಬ್ಬಳು, ಹೊಸ ನಾಯಿ ತಂದೀಯೇನಕ್ಕ ಎಂದು ಅವ್ವನನ್ನು ಕೇಳಿದಳು.

“ಹೊಸದಲ್ಲ ಬಿಡವ್ವ, ಮನ್ಯಾಗಿಂದ,” ಎಂದಳು ಅವ್ವ. “ಓದಿಸೀವಲ್ಲ, ಎಳಿಯಾಕ ಕಲಿಯೋದು ತಡಾ ಆತು.”

ಎರಡನೆಯ ದಿನದಿಂದ ನಾಚಿಕೆಗಿಂತ ಹೆಚ್ಚಾಗಿ ಬಲಭುಜದ ನೋವು ನನ್ನ ಗಮನದಲ್ಲಿತ್ತು. ಬಂಡಿ ನೇರ ಹೋಗುತ್ತಿರಲಿಲ್ಲ. ಎಡಕ್ಕೆ, ಚರಂಡಿಯ ಕಡೆಗೆ ಜಗ್ಗುತ್ತಿತ್ತು. ಅದನ್ನು ದಾರಿಯಲ್ಲಿಡಬೇಕಾದರೆ ಮೈಯನ್ನು ಬಲಕ್ಕೆ ವಾಲಿಸಿಯೇ ನಡೆಯಬೇಕಿತ್ತು. ಮೂರನೆಯ ದಿನ ಏರಿನ ಅರ್ಧದಲ್ಲಿ ನಾನು ನಡೆಯುತ್ತಿದ್ದ ರೀತಿ ನನಗೇ ಗುರುತು ಸಿಕ್ಕಿತು. ಅದು ನಾಯಿಯ ನಡಿಗೆ. ಮನೆಗೆ ಬಂದು ಬಂಡಿಯನ್ನು ಮಗುಚಿ ನೋಡಿದೆ. ಎಡಚಕ್ರದ ಅಚ್ಚಿಗೆ ಜೀನ್ಸಿನ ದಾರ ಸುತ್ತಿ ಸುತ್ತಿ, ಧೂಳು ಕಚ್ಚಿಕೊಂಡು, ಗಟ್ಟಿಯಾದ ಉಂಡೆಯಾಗಿ ಚಕ್ರವನ್ನು ಹಿಡಿದಿತ್ತು. ಅದು ಕೆಲವು ದಿನಗಳಲ್ಲಿ ಸುತ್ತಿಕೊಂಡ ದಾರವಲ್ಲ. ಅವ್ವನ ಕತ್ತರಿಯಿಂದ ಎಳೆ ಎಳೆಯಾಗಿ ಕತ್ತರಿಸಿ ತೆಗೆಯಲು ಬಹಳ ಹೊತ್ತು ಹಿಡಿಯಿತು. ಅವ್ವ ಬಂದು ಉಂಡೆಯನ್ನು ಕೈಯಲ್ಲಿಟ್ಟುಕೊಂಡು ನೋಡಿದಳು.

“ಪಾಪ, ಅದಕ್ಕ ಅರ್ಜಿ ಬರಿಯಾಕ ಬರಲಿಲ್ಲ,” ಎಂದಳು.

ಆರನೆಯ ದಿನದ ಸಂಜೆ ವ್ಯಾನಿನವರು ನಾಯಿಯನ್ನು ಓಣಿಯ ಬಾಯಲ್ಲಿ ಇಳಿಸಿ ಹೋದರು. ಅದರ ಮೈ ಕೊಂಚ ಇಳಿದುಹೋಗಿತ್ತು. ಶಸ್ತ್ರಚಿಕಿತ್ಸೆ ಆಗಿದೆ ಎಂಬುದರ ಗುರುತಾಗಿ ಎಡಗಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿದ್ದರು. ಗಾಯ ಮಾಯುವವರೆಗೆ ಪಟ್ಟಿ ಕಟ್ಟಬಾರದೆಂದು ಇನ್ನೂ ಹತ್ತು ದಿನ ನಾನೇ ಎಳೆದೆ. ಅಷ್ಟರಲ್ಲಿ ತಿಂಗಳು ಮುಗಿದಿತ್ತು. ನಾಯಿ ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ, ನಮ್ಮ ಬಳಿ ಯಾವ ಕಾಗದವೂ ಇರಲಿಲ್ಲ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ನಾನು ವಾಕ್ಯ ಕಟ್ಟುತ್ತಿದ್ದೆ. ಚಕ್ರ ಸಡಿಲವಾದದ್ದು ತಿಳಿಯದ ನಾಯಿ ಹಳೆಯ ಅಭ್ಯಾಸದಂತೆ ಬಲಕ್ಕೆ ವಾಲಿ, ಎರಡು ಸಲ ಬಂಡಿಯನ್ನು ಗೋಡೆಗೆ ತಾಗಿಸಿತು.

ಗೇಟಿನಲ್ಲಿ ಸೂಪರ್‌ವೈಸರ್ ಕೈ ಚಾಚಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಬಗ್ಗಿ ನಾಯಿಯ ಎಡಗಿವಿಯನ್ನು ಎತ್ತಿ ತೋರಿಸಿದಳು.

“ನೋಡ್ರಿ, ಆಫೀಸಿನ ಗುರ್ತು. ಮಳಿಗೆ ತೊಯ್ಯಂಗಿಲ್ಲ, ಕಳಿಯಂಗಿಲ್ಲ.”

ಅವರು ಕಿವಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಒಳಗೆ ತಿರುಗಿ, ಗಂಟುಗಳನ್ನು ಹೊರಗೆ ಇಡುವಂತೆ ಹೇಳಿದರು. ನಾನೇ ಅವನ್ನು ಬಂಡಿಗೆ ಏರಿಸಿದೆ. ನಾಯಿ ನೇರ ನಡೆಯುವುದನ್ನು ಕಲಿಯಲು ಮತ್ತೆ ಮೂರು ದಿನ ಹಿಡಿಯಿತು.